ಹಿಸ್ಟರಿ ಎಂ.ಎ.ಗೆ ದೊಡ್ಡ ಊರಿಗೇ ಹೋಗಬೇಕೇನು?

ಪ್ರಶ್ನೆ: ನಮ್ಮದು ಇಳಕಲ್ ರೀ. ಬಾಗಲಕೋಟ್ಯಾಗ ಬಿ.ಎ. ಕಡೀ ವರ್ಷ ಓದ್ತೀನಿ, ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ಎಂ.ಎ. ಹಿಸ್ಟರಿ ಮಾಡಿ ಮುಂದ ಪಿಎಚ್.ಡಿ.ನೂ ಮಾಡ್ಬೇಕಂತ ಆಸೆ. ಕಾಲೇಜಿನ ಸರ್ ಒಬ್ರು ಡೆಲ್ಲಿ ಇಲ್ಲಾ ಹೈದರಾಬಾದಿಗೆ ಹೋಗು, ಅಲ್ಲಿನ ರಿಸರ್ಚ್ ಯೂನಿವರ್ಸಿಟಿ ಕಥಿನ ಬ್ಯಾರೆ ಅಂತಾರ. ಮನ್ಯಾಗ ಬೆಳಗಾವಿ ಸಾಕು ಅಂತಾರ, ಅಪ್ಪ ಮಗ್ಗ ನಡಸ್ತಾರ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟ. ಏನ್ ಮಾಡ್ಲಿ? ಅಲ್ಲಿ ಅಂಥಾದ್ದು ಏನು ಬ್ಯಾರೆ ಕಲಸ್ತಾರ?

ಉತ್ತರ: ತಂಗಿ, ನಿನ್ನ ಕಡೀ ಸಾಲಿಂದನ ಶುರು ಮಾಡ್ತೀನಿ, ಅಲ್ಲಿ ಏನು ಬ್ಯಾರೆ ಕಲಸ್ತಾರ ಅನ್ನೋದು, ಯಾಕಂದ್ರ ಅದೊಂದು ತಿಳೀತು ಅಂದ್ರ ಫೀ, ಹಾಸ್ಟೆಲ್, ಮನಿ ಮಂದಿ ಎಲ್ಲಾ ಹಿಂದಿಂದ ತಾನ ಸಾಲು ಹಿಡೀತದ.

ಸಿಲಬಸ್ ಎರಡೂ ಎದುರುಬದುರು ಇಟ್ಟು ನೋಡಿದ್ರ ನಿನಗ ಭಾಳ ಫರಕ್ ಕಾಣಂಗಿಲ್ಲ. ಅಲ್ಲೂ ಪ್ರಾಚೀನ, ಮಧ್ಯಕಾಲ, ಆಧುನಿಕ, ಇಲ್ಲೂ ಅದ. ಹಿಸ್ಟೋರಿಯೋಗ್ರಫಿ, ಅಂದ್ರ ಹಿಸ್ಟರಿ ಹೆಂಗ ಬರೀತಾರ ಅನ್ನೋ ವಿದ್ಯಾ, ಅಲ್ಲೂ ಅದ, ಇಲ್ಲೂ ಅದ. ಫರಕ್ ಇರೋದು ವಾರದಾಗ ನೀ ಮಾಡೋ ಕೆಲಸದಾಗ. ನಮ್ಮಲ್ಲಿ ಇಮ್ಮಡಿ ಪುಲಕೇಶಿ ಅಂದ್ರ ಏನು? ಸಾಧನೆಗಳು, ಎಂಟು ಪಾಯಿಂಟು, ನರ್ಮದಾ ದಂಡಿ ಮ್ಯಾಲ ಹರ್ಷವರ್ಧನನ್ನ ಸೋಲಿಸಿದ, ಹತ್ತು ಮಾರ್ಕ್ಸು, ಮುಂದಿನ ಪ್ರಶ್ನೆ. ಅಲ್ಲಿ ಒಳ್ಳೆ ಮಾಸ್ತರ ಸಿಕ್ಕ ಅಂದ್ರ ಒಂದು ಶಾಸನದ ಪಾಠ ಕೈಯಾಗ ಕೊಟ್ಟು, ಇದನ್ನ ಬರದಾಂವ ಯಾರು, ಯಾರ ಋಣದಾಗ ಇದ್ದ, ಯಾರು ಓದ್ಲಿ ಅಂತ ಬರದ, ಏನು ಬರೀದ ಬಿಟ್ಟ ಅಂತ ಕೇಳಿ, ಮುಂದಿನ ವಾರ ನಾಕು ಪುಟ ಬರಕೊಂಡು ಬಾ, ಹತ್ತು ಮಂದಿ ಮುಂದ ಓದು, ಅವರು ಹರದ ಹಾಕ್ತಾರ, ತಡಕೋ ಅಂತಾನ. ಇಷ್ಟ ನೋಡು. ಬಿ.ಎ. ಹುಡುಗರಿಗೆ ಇದರ ಸಣ್ಣ ರೂಪ ಇರ್ತದ, ಎಂ.ಎ.ದಾಗ ಸೆಮಿನಾರ್ ಪೇಪರ್ ಅಂತ ಇರ್ತದ, ಪಿಎಚ್.ಡಿ. ಅಂದ್ರ ಅದನ್ನ ನಾಕೈದು ವರ್ಷ ಬಿಡದ ಮಾಡೋದು.

ಈಗ ತಮಾಷೆ ಏನಪಾ ಅಂದ್ರ, ಡೆಲ್ಲಿ ಕ್ಲಾಸಿನಾಗ ಆ ಹುಡುಗರು ಜೆರಾಕ್ಸ್ ಹಿಡಕೊಂಡು ಓದೋ ಶಾಸನ ನಿನ್ನ ಊರಿಂದ ಒಂದೆರಡು ತಾಸಿನ ಹಾದಿ. ಐಹೊಳಿಗೆ ಹೋಗಿರ್ತೀ, ಟ್ರಿಪ್ಪಿನಾಗ ದುರ್ಗದ ಗುಡಿ ಮುಂದ ಫೋಟೋ ತಕ್ಕೊಂಡು ಬಂದಿರ್ತೀ, ಆದ್ರ ಗುಡ್ಡದ ಮ್ಯಾಲಿನ ಮೇಗುತಿ ಬಸದಿ ಹತ್ತಿರ್ತೀ ಇಲ್ಲೋ ಗೊತ್ತಿಲ್ಲ, ಬಿಸಲಿಗೆ ಅಂಜಿ ಅರ್ಧ ಮಂದಿ ಕೆಳಗ ಕಬ್ಬಿನ ಹಾಲು ಕುಡಕೋತ ಕುಂದರ್ತಾರ. ಆ ಬಸದಿ ಪೂರ್ವದ ಗ್ವಾಡಿ ಮ್ಯಾಲ ಇಮ್ಮಡಿ ಪುಲಕೇಶಿಯ ಆಸ್ಥಾನ ಕವಿ ರವಿಕೀರ್ತಿ ಬರದ ಶಾಸನ ಅದ. ಭಾಷಾ ಸಂಸ್ಕೃತ, ಲಿಪಿ ಕನ್ನಡ. ತಾರೀಖು ಹೆಂಗ ಹೇಳ್ಯಾನ ನೋಡು, ಭಾರತ ಯುದ್ಧ ಆಗಿ ಮೂವತ್ತು, ಮೂರು ಸಾವಿರ, ಏಳುನೂರು, ಐದು ವರ್ಷ ಆತು, ಶಕ ರಾಜರ ಕಾಲದಾಗ ಐವತ್ತು, ಆರು, ಐನೂರು ವರ್ಷ ಹ್ವಾದ್ವು ಅಂತ. ಕೂಡಿಸಿದ್ರ 3735 ಮತ್ತ ಶಕ 556. ಶಕಕ್ಕ 78 ಕೂಡಸು, 634 ಬರ್ತದ, ವರ್ಷ ನಡುವ ಶುರು ಆಗೋದರಿಂದ 634-35 ಅಂತ ಬರೀತಾರ. ನೋಟ್ಸಿನಾಗ 634 ಅಂತ ಬಾಯಿಪಾಠ ಮಾಡಿದ್ದು ಎಲ್ಲಿಂದ ಬಂತು ಅನ್ನೋದು ಗ್ವಾಡಿ ಮುಂದ ನಿಂತು ಬೆರಳ ಮಡಚಿ ಎಣಸಿದಾಗ ತಿಳೀತದ. ಅದ ಶಾಸನದಾಗ ಆಂವ ತನ್ನನ್ನ ಕಾಳಿದಾಸ, ಭಾರವಿ ಸಾಲಿಗೆ ಹಚ್ಚಿಕೊಂಡಾನ, ಹಂಗಾಗಿ ಕಾಳಿದಾಸ 634ಕ್ಕಿಂತ ಈಚಿಗಿನಾಂವ ಆಗ್ಲಿಕ್ಕ ಸಾಧ್ಯ ಇಲ್ಲ ಅಂತ ಜಗತ್ತೆಲ್ಲಾ ಹೇಳ್ತದ. ಕವಿಗೆ ತನ್ನ ಬಗ್ಗೆ ಅಭಿಮಾನ ಇದ್ದದ್ದು ಹಿಸ್ಟರಿಗೆ ಲಾಭ ಆತು.

ಇನ್ನ ಆ ಹರ್ಷನ ಸೋಲು. ರವಿಕೀರ್ತಿ ಹರ್ಷನ ಹರ್ಷ ಹೋತು ಅಂತ ಶ್ಲೇಷಾ ಹಾಕ್ಯಾನ. ಪಲ್ಲವ ರಾಜಾ ಧೂಳಿನಾಗ ಮುಚ್ಚಿಹೋಗಿ ಕಾಂಚಿ ಗ್ವಾಡಿ ಹಿಂದ ಅಡಕೊಂಡ ಅಂತಾನ. ಆದ್ರ ಬಸದಿ ಕಟ್ಟಿಸಿದಾಂವ ರವಿಕೀರ್ತಿನ, ಪುಲಕೇಶಿಯ ಕೃಪೆ ನನಗ ಸಿಕ್ಕದ ಅಂತ ಬರದಾಂವನೂ ಅಂವನ. ದಣಿ ಬಗ್ಗೆ ಅಂವ ಮತ್ತೇನು ಬರೀತಾನ ಹೇಳು. ಹಂಗಂತ ಸುಳ್ಳು ಅಂತನೂ ಅಲ್ಲ, ಯಾಕಂದ್ರ ಚೀನಾದಿಂದ ಬಂದ ಹ್ಯೂಯೆನ್‌ತ್ಸಾಂಗ್, ಅವನಿಗೆ ಪುಲಕೇಶಿದು ಏನೂ ಋಣ ಇಲ್ಲ, ಅಂವನೂ ಹರ್ಷನ ಕೈಗೆ ಈ ರಾಜಾ ಬಗ್ಗಲಿಲ್ಲ ಅಂತನ ಹೇಳ್ಯಾನ. ಅಲ್ಲಿಗೆ ಹರ್ಷನ ಮಾತು ಗಟ್ಟಿ ಆತು. ಪಲ್ಲವರ ಮಾತು? ಅದಕ್ಕ ಬಾದಾಮಿಗೆ ಹೋಗು. ಅಲ್ಲಿ ಬಂಡಿಗಲ್ಲಿನ ಮ್ಯಾಲ ಅರ್ಧ ಸವದುಹೋದ ಒಂದು ಶಾಸನ ಅದ, ಅದು ಚಾಲುಕ್ಯರದಲ್ಲ, ಪಲ್ಲವ ನರಸಿಂಹವರ್ಮಂದು. 642ರ ಸುಮಾರಿಗೆ ಅಂವ ಬಂದು ವಾತಾಪಿನ ಗೆದ್ದು, ಚಾಲುಕ್ಯರ ರಾಜಧಾನ್ಯಾಗ ತನ್ನ ಹೆಸರು ಕೆತ್ತಿಸಿ ಹ್ವಾದ. ಐಹೊಳಿ ಗುಡ್ಡದ ಮ್ಯಾಲ ಕಾಂಚಿ ಗ್ವಾಡಿ ಹಿಂದ ಅಡಗಿಸಿದ ಅನ್ನೋ ಹೊಗಳಿಕಿ, ಹತ್ತು ವರ್ಷ ಆಗೂದ್ರಾಗ ಬಾದಾಮ್ಯಾಗ ಆ ಕಡೇವರ ಸಹಿ. ಎರಡೂ ಒಂದ ದಿನದಾಗ ನೋಡಿ ಬರಬಹುದು, ಟಂಟಂ, ಬಸ್ಸು ಎಲ್ಲಾ ಸೇರಿ ಇನ್ನೂರು ಮುನ್ನೂರು ರೂಪಾಯಿ ಹೋದೀತು.

ಇದನ್ನ ಯಾಕ ಇಷ್ಟು ಉದ್ದ ಹೇಳ್ದೆ ಅಂದ್ರ, ರಿಸರ್ಚ್ ಯೂನಿವರ್ಸಿಟ್ಯಾಗ ಕಲಸೋದು ಇದನ್ನ, ಮತ್ತ ಇದಕ್ಕ ಬೇಕಾಗೋ ಸಾಮಾನು ನಿನ್ನ ಮನಿ ಬಾಗಲದಾಗ ಬಿದ್ದದ. ದೊಡ್ಡ ಊರಿನಾಗ ಇರೋದು ಏನು ಅಂದ್ರ ಲೈಬ್ರರಿ, ಒಂದೊಂದು ಕಾಲಕ್ಕ ಒಬ್ಬೊಬ್ಬ ಪರಿಣತ ಮಾಸ್ತರು, ಎಲ್ಲಕ್ಕಿಂತ ಹೆಚ್ಚಿಗೆ ನಿನ್ನಂಗ ತಲಿಕೆಟ್ಟ ಹತ್ತು ಮಂದಿ ಗೆಳೆಯರು, ರಾತ್ರಿ ಹನ್ನೊಂದಕ್ಕ ಚಾ ಅಂಗಡ್ಯಾಗ ನಿನ್ನ ವಾದಾ ಕಡದು ಹಾಕೋರು. ಅದು ಖರೇನ ದೊಡ್ಡದು, ಅದನ್ನ ಸಣ್ಣದು ಮಾಡಿ ಹೇಳಂಗಿಲ್ಲ ನಾ. ನಮ್ಮ ಕಡೆ ಒಂದು ಡಿಪಾರ್ಟ್‌ಮೆಂಟಿನಾಗ ಕಾಯಂ ಮಾಸ್ತರು ಎಷ್ಟು ಮಂದಿ, ಗೆಸ್ಟ್ ಫ್ಯಾಕಲ್ಟಿ ಎಷ್ಟು ಮಂದಿ ಅಂತ ಎಣಸಿ ನೋಡು, ತಿಳೀತದ.

ಇನ್ನ ನಂದೊಂದು ಫಜೀತಿ ಹೇಳ್ತೀನಿ. ನಾನೂ ಪಿಎಚ್.ಡಿ. ಶುರು ಮಾಡಿದಾಗ ಕೃಷ್ಣಾ ಕಡೆ ಹಳ್ಳಿಗಳ ಕಂದಾಯದ ಮ್ಯಾಲ ವಿಷಯ ತಗೊಂಡಿದ್ದೆ, ಪೇಶ್ವೆ ಕಾಲದ್ದು. ಕಾಗದ ಎಲ್ಲದಾವ? ಪುಣ್ಯಾದಾಗ, ಪೇಶ್ವೆ ದಫ್ತರದಾಗ. ಮರಾಠಿ ಬರ್ತದಲ್ಲ ಅಂತ ಧೈರ್ಯಾ ಮಾಡಿ ಹ್ವಾದೆ, ಸಂಬಂಧಿಕರ ಮನ್ಯಾಗ ಹದಿನೈದು ದಿನದ ಊಟಾ ವಸತಿ. ಮೊದಲ ದಿನ ರುಮಾಲು ಬಿಚ್ಚಿ ಮುಂದ ಇಟ್ರು. ಕೆಂಪು ಬಟ್ಟಿ, ಒಳಗ ಉದ್ದನ ಕಾಗದ, ಹಳೇ ಮಸಿ ವಾಸನಿ. ನೋಡ್ತೀನಿ, ಒಂದು ಅಕ್ಷರ ತಿಳೀವಲ್ದು. ಎಲ್ಲಾ ಮೋಡಿ ಲಿಪಿ, ಪೆನ್ನ ಎತ್ತದ ಬರದ ಬರವಣಿಗಿ, ಸಾಲಿನ ತುಂಬ ಕೊಂಡಿ ಕೊಂಡಿ. ನನಗ ಬರೋದು ಬಾಳಬೋಧ, ಅಂದ್ರ ದೇವನಾಗರಿ. ಬಾಜೂ ಟೇಬಲ್ಲಿನಾಗ ಒಬ್ಬ ಮುದುಕರು ಪೇಪರ್ ಓದಿದಂಗ ಓದ್ಲಿಕ್ಕತ್ತಿದ್ರು. ನಾ ನಾಚಿಕಿಗೆ ಎರಡು ತಾಸು ಓದಿದಂಗ ನಾಟಕ ಮಾಡಿ, ಕಟ್ಟಿಕೊಟ್ಟು, ಮೂರನೇ ದಿನ ಹುಬ್ಬಳ್ಳಿ ಬಸ್ ಹತ್ತಿದೆ. ಆಮ್ಯಾಲ ಊರಾಗ ಒಬ್ಬ ಹಳೇ ಕುಲಕರ್ಣಿ ಅಜ್ಜಾರ ಕಡೆ ಕುಂತು ಎಂಟು ತಿಂಗಳು ಮೋಡಿ ತಿದ್ದಿದೆ, ದಿನಾ ಸಂಜೀಕ, ಅವರು ತಮ್ಮ ಮನಿ ಅಟ್ಟದ ಮ್ಯಾಲಿನ ದಫ್ತರನ ಪುಸ್ತಕ ಮಾಡಿ ಕಲಿಸಿದ್ರು. ವಿಷಯ ಆರಿಸೋಕಿಂತ ಮೊದಲ ಅದರ ಕಾಗದ ಯಾವ ಲಿಪ್ಯಾಗ ಅದ ಅಂತ ಕೇಳೋ ಬುದ್ಧಿ ನನಗ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಂಗಾಗಿ ನನ್ನ ಕಡೆಯಿಂದ ಒಂದ ಮಾತು, ಊರು ಯಾವದು ಅನ್ನೋದು ಆಮ್ಯಾಲ ಇರ್ಲಿ, ಮೊದಲ ಒಂದು ಲಿಪಿ ಹಿಡಿ. ಚಾಲುಕ್ಯರ ಕಡೆ ಒಲವು ಇದ್ರ ಹಳಗನ್ನಡ, ಹಳೇ ಕನ್ನಡ ಲಿಪಿ, ಸ್ವಲ್ಪ ಸಂಸ್ಕೃತ. ಕನ್ನಡ ಸಾಹಿತ್ಯ ಪರಿಷತ್ತಿಂದು ಶಾಸನಶಾಸ್ತ್ರದ ಡಿಪ್ಲೊಮಾ ಅದ. ಬಾದಾಮ್ಯಾಗ ಕಪ್ಪೆ ಅರಭಟ್ಟನ ಶಾಸನದ ಮುಂದ ಅಕ್ಷರ ಕೂಡಿಸಿ ಕೂಡಿಸಿ 'ಸಾಧುಗೆ ಸಾಧು' ಅಂತ ನೀನ ಓದಿದ ದಿನ ನಿನ್ನ ಎಂ.ಎ. ಅರ್ಧ ಮುಗದಂಗ. ವಿಜಯಪುರದ ಆದಿಲ್‌ಶಾಹಿ ಕಡೆ ಮನಸಿದ್ರ ಫಾರ್ಸಿ ಬೇಕ ಬೇಕು, ಜೊತೀಗೆ ದಖನಿ ಉರ್ದು, ಮರಾಠಿ, ಯಾಕಂದ್ರ ಅವರ ಆಡಳಿತದ ಕಾಗದ ಫಾರ್ಸಿ ಒಂದರಾಗ ಇರಲಿಲ್ಲ, ಮರಾಠಿನೂ ನಡೀತಿತ್ತು. ನಮ್ಮೂರಾಗ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರ್‍ಯಾಗ ಕೂಗೋ ಮಂದಿ ವರ್ಷಕ್ಕ ಲಕ್ಷಗಟ್ಟಲೆ ಬರ್ತಾರ, ಫಾರ್ಸಿ ಓದಿ ಆದಿಲ್‌ಶಾಹಿ ಮ್ಯಾಲ ಕನ್ನಡದಾಗ ಬರಿಯೋರು ಕೈಬೆರಳ ಮ್ಯಾಲ ಎಣಸೋ ಅಷ್ಟೂ ಇಲ್ಲ. ಆಸಾರ್ ಮಹಲಿನಾಗಿದ್ದ ಪುಸ್ತಕ ಬ್ರಿಟಿಷರ ಕಾಲಕ್ಕ ಲಂಡನ್ನಿಗೆ ಹೋಗಿ ಈಗ ಬ್ರಿಟಿಷ್ ಲೈಬ್ರರ್‍ಯಾಗ ಅದಾವ, ಅಂದ್ರ ನಮ್ಮೂರಿನ ಹಿಸ್ಟರಿಗೆ ಲಂಡನ್ ಒಂದು ಬ್ರಾಂಚ್ ಆಫೀಸ್ ಇದ್ದಂಗ.

ಆಧುನಿಕ ಕಾಲ ಅಂದ್ರ ಕಾಗದ ಎಲ್ಲದಾವ ಅನ್ನೋದು ನಮ್ಮ ಕಡೇವರಿಗೆ ಗೊಂದಲ. ಮೈಸೂರ ಕಡೆಯವರಿಗೆ ಬೆಂಗಳೂರಿನ ಪತ್ರಾಗಾರ ಸಾಕಾಗಬಹುದು, ನಮಗ ಸಾಲಂಗಿಲ್ಲ, 1956ರ ತನಕ ನಾವು ಮುಂಬೈ ಕಡೇವರು, ಹಂಗಾಗಿ ಫೈಲು ಮುಂಬೈದಾಗ, ಪುಣ್ಯಾದಾಗ. ಹೆಸರೂ ಬ್ಯಾರೆ, 1885ರ ತನಕ ಜಿಲ್ಲಾ ಕೇಂದ್ರ ಕಲಾದಗಿ, ಕಲಾದಗಿ ಜಿಲ್ಲಾ ಅಂತನ ಕಾಗದದಾಗ ಇರ್ತದ. ವಿಜಾಪುರ ಅಂತ ಹುಡುಕಿ ಏನೂ ಇಲ್ಲ ಅಂತ ತಿರುಗಿ ಬಂದ ಹುಡುಗರನ್ನ ನೋಡೀನಿ ನಾ. ಬಾಗಲಕೋಟಿ ಜಿಲ್ಲಾ ಆಗಿದ್ದಂತೂ 1997ಕ್ಕ. ಮುಂಬೈ ಪ್ರೆಸಿಡೆನ್ಸಿ ಗೆಝೆಟಿಯರಿನ ಬಿಜಾಪುರ ಸಂಪುಟ, 1884ರದ್ದು, ನೆಟ್ಟಿನಾಗ ಪುಕ್ಕಟ ಸಿಗ್ತದ, ಇವತ್ತ ಇಳಿಸ್ಕೋ. ನ್ಯಾಷನಲ್ ಆರ್ಕೈವ್ಸಿನ ವೆಬ್‌ಸೈಟ್ ಅಭಿಲೇಖ್ ಪಟಲ್‌ದಾಗನೂ ಮನ್ಯಾಗ ಕುಂತು ಹುಡುಕಬಹುದು.

ಒಬ್ಬರನ್ನ ನೆನಸ್ಲಿಕ್ಕ ಬೇಕು ಇಲ್ಲಿ. ಫ.ಗು. ಹಳಕಟ್ಟಿಯವರು. ಈ ವಿಜಯಪುರದಾಗ ವಕೀಲಿ ಮಾಡಿಕೋತ ಊರೂರು ತಿರುಗಿ ವಚನದ ತಾಡೋಲೆ ಕೂಡಿಹಾಕಿ, 1923ರಾಗ ವಚನಶಾಸ್ತ್ರಸಾರ ತಂದ್ರು, 1926ರಾಗ ಶಿವಾನುಭವ ಪತ್ರಿಕಾ ಶುರು ಮಾಡಿದ್ರು. ಆಗ ಈ ಭಾಗದಾಗ ಯೂನಿವರ್ಸಿಟಿ ಅನ್ನೋದ ಇರಲಿಲ್ಲ, ಕರ್ನಾಟಕ ಯೂನಿವರ್ಸಿಟಿ ಆಗಿದ್ದ 1949ಕ್ಕ. ಹಂಗಂತ ನೀನೂ ಯೂನಿವರ್ಸಿಟಿ ಬಿಟ್ಟು ಸೈಕಲ್ ಹತ್ತು ಅಂತ ಹೇಳ್ಲಿಕ್ಕತ್ತಿಲ್ಲ ನಾ, ಅವರಿಗೆ ವಕೀಲಿ ಇತ್ತು, ನಿನಗ ಡಿಗ್ರಿ ಬೇಕು, ಹೊಟ್ಟಿಗೂ ಬೇಕು.

ಹೊಟ್ಟಿ ಮಾತಿಗೆ ಬರೋಣು. ಲೆಕ್ಚರರ್ ಆಗ್ಲಿಕ್ಕ ಎಂ.ಎ.ದಾಗ 55 ಪರ್ಸೆಂಟು, ಎಸ್ಸಿ, ಎಸ್ಟಿ, ಒಬಿಸಿಗೆ 50, ಮ್ಯಾಲ ನೆಟ್ ಅನ್ನೋ ದೇಶಮಟ್ಟದ ಅರ್ಹತಾ ಪರೀಕ್ಷಾ, ಇಲ್ಲಾ ನಮ್ಮ ರಾಜ್ಯದ ಕೆ-ಸೆಟ್. ಕೆ-ಸೆಟ್ ಪ್ರಶ್ನೆ ಕನ್ನಡದಾಗೂ ಇರ್ತಾವ, ನೆಟ್ ಇಂಗ್ಲಿಷ್, ಹಿಂದಿ ಅಷ್ಟ. ನೆಟ್‌ದಾಗ ಜೆಆರ್‌ಎಫ್ (ರಿಸರ್ಚಿಗೆ ಕೊಡೋ ಫೆಲೋಶಿಪ್) ಹೊಡದ್ರ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದಮ್ಯಾಲ 42,000, ನಮ್ಮಂಥಾ ಮನಿ ಹುಡುಗರಿಗೆ ರಿಸರ್ಚ್ ಅನ್ನೋದು ಆಗಿಬರೋದು ಇದರಿಂದನ. 2024ರಿಂದ ಪಿಎಚ್.ಡಿ. ಅಡ್ಮಿಷನ್ನಿಗೂ ನೆಟ್ ಮಾರ್ಕ್ಸ್ ಹಿಡೀತಾರ, 70 ಪಾಲು ಅದು, 30 ಪಾಲು ಇಂಟರ್‌ವ್ಯೂ. ಎಂ.ಫಿಲ್. ತಗದಾರ, ಅದಕ್ಕ ಯಾರರ ಸೇರು ಅಂದ್ರ ಸೇರಬ್ಯಾಡ. ಪಿಎಚ್.ಡಿ. ಕಮ್ಮೀ ಅಂದ್ರ ಮೂರು ವರ್ಷ, ಹೆಚ್ಚಂದ್ರ ಆರು. ಅಪ್ಪಗ ಇದನ್ನ ಸ್ಪಷ್ಟ ಹೇಳು, ಎರಡು ವರ್ಷಕ್ಕ ನೌಕರಿ ಅಂತ ಆಸೆ ಹಚ್ಚಬ್ಯಾಡ, ಹಚ್ಚಿದವರ ಮನ್ಯಾಗ ಮಗಳ ಮದಿವಿ ಮಾತು ಭಾಳ ಲಗೂ ಶುರು ಆಗ್ತಾವ. ಲೆಕ್ಚರರಿಕಿ ಒಂದ ಅಲ್ಲ, ದಿಲ್ಲಿಯ ನ್ಯಾಷನಲ್ ಆರ್ಕೈವ್ಸಿನಾಗ ದಾಖಲೆ ಕಾಯೋ ವಿದ್ಯಾದ ಡಿಪ್ಲೊಮಾ ಅದ, ಪುರಾತತ್ವ ಇಲಾಖೆದ್ದು ಗ್ರೇಟರ್ ನೋಯ್ಡಾದಾಗ ಎರಡು ವರ್ಷದ ಡಿಪ್ಲೊಮಾ ಅದ, ಆ ಕಡೇನೂ ಕಣ್ಣಿಟ್ಟಿರು.

ಈಗ ಎಲ್ಲಿ ಅನ್ನೋದು. ಜೆಎನ್‌ಯು, ಡೆಲ್ಲಿ ಯೂನಿವರ್ಸಿಟಿ, ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿ ಎಲ್ಲಾದಕ್ಕೂ ಸಿಯುಇಟಿ-ಪಿಜಿ ಅನ್ನೋ ಪ್ರವೇಶ ಪರೀಕ್ಷಾ ಬರೀಬೇಕು, ಅದ ಪರೀಕ್ಷಾದಾಗ ಕಲಬುರಗಿ ಹತ್ರ ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿನೂ ಬರ್ತದ, ಅದನ್ನ ಮಂದಿ ಮರೀತಾರ. ಇಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ಯೂನಿವರ್ಸಿಟಿ, ಧಾರವಾಡ, ಹೆಣ್ಮಕ್ಕಳಿಗಂತನ ವಿಜಯಪುರದ ಅಕ್ಕಮಹಾದೇವಿ ಯೂನಿವರ್ಸಿಟಿ. ನಿನ್ನ ಜಾಗಾದಾಗ ನಾ ಇದ್ರ ಪರೀಕ್ಷಾ ಬರದು, ಹೈದರಾಬಾದ್ ಹಾಸ್ಟೆಲ್ ಸಮೇತ ಸಿಕ್ಕ್ರ ಎಂ.ಎ. ಅಲ್ಲೇ ಮಾಡ್ತಿದ್ದೆ, ಡೆಲ್ಲಿಗಿಂತ ಸಮೀಪ, ಒಂದು ರಾತ್ರಿ ಬಸ್ಸು, ಮತ್ತ ದಖನಿನ ಹಿಸ್ಟರಿಗೆ ಅದ ಸೀಮಿ. ಹಾಸ್ಟೆಲ್ ಇಲ್ಲದ ರೂಂ ಮಾಡಿ ಓದೋ ಪರಿಸ್ಥಿತಿ ಬಂದ್ರ ಹೋಗಬ್ಯಾಡ, ಸಾಲದ ಚಿಂತ್ಯಾಗ ಓದು ತಲಿಗೆ ಹತ್ತಂಗಿಲ್ಲ, ಧಾರವಾಡಕ್ಕ ಹೋಗು, 1939ರಿಂದ ಕನ್ನಡ ಸಂಶೋಧನಾ ಸಂಸ್ಥೆ ಅಲ್ಲದ, ಹಳೇ ಲೈಬ್ರರಿ ಅದ. ಬೆಳಗಾವ್ಯಾದ್ರೂ ಕೆಟ್ಟದ್ದಲ್ಲ, ಕಿತ್ತೂರು ಅಲ್ಲೇ ಬಾಜೂಕ, 1924ರ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಆದ ಜಾಗಾ ಊರಾಗ, ಆದ್ರ ಅಲ್ಲಿ ನಿನ್ನ ನೀನ ಬಡದೆಬ್ಬಿಸ್ಕೊಂಡು ಓದಬೇಕಾಗ್ತದ, ನೋಟ್ಸ್ ಮಾರೋ ಅಂಗಡಿ ಮುಂದ ದಾಟಿ ಹೋಗೋದು ಕಠಿಣ.

ಇಂಗ್ಲಿಷಿಗೆ ಅಂಜಬ್ಯಾಡ. ಮಾತಾಡೋದು ಆಮ್ಯಾಲ, ಮೊದಲ ಓದೋದು. ದಿನಾ ಆ ಗೆಝೆಟಿಯರಿನ ಎರಡು ಪುಟ, ಡಿಕ್ಷನರಿ ಬಾಜೂಕಿಟ್ಟು. ನೂರಾ ನಲವತ್ತು ವರ್ಷದ ಹಿಂದಿನ ಇಂಗ್ಲಿಷ್ ಅದು, ಅದು ಬಗ್ಗಿತು ಅಂದ್ರ ಉಳಿದಿದ್ದು ತಾನ ಬಗ್ಗತದ, ಮತ್ತ ಊರ ಹೆಸರು, ಬೆಳಿ ಹೆಸರು ನಿಂದ ಆಗಿರೋದರಿಂದ ಅರ್ಥಾ ಊಹಾ ಮಾಡ್ಲಿಕ್ಕ ಬರ್ತದ.

ವಿಷಯಾ ಈಗ ಆರಿಸೋದು ಬ್ಯಾಡ, ಆದ್ರ ಮೂಗಿನ ಮುಂದ ಇದ್ದದ್ದನ್ನ ನೋಡು. 1876-78ರ ಬರಗಾಲದಾಗ ಕಲಾದಗಿ ಜಿಲ್ಲಾ ಹೆಂಗ ಸುಟ್ಟುಹೋತು ಅಂದ್ರ 1872ರ ಜನಗಣತಿಗೂ 1881ರ ಜನಗಣತಿಗೂ ನಡುವ ಸುಮಾರು ಐದರಾಗ ಒಂದು ಪಾಲು ಮಂದಿ ಕಮ್ಮಿ ಆಗಿದ್ರು. ಆ ಬರದಾಗ ನೇಕಾರರು ಎಲ್ಲಿಗೆ ಹ್ವಾದ್ರು, ಮಗ್ಗ ಮಾರಿದ್ರೋ, ತಿರುಗಿ ಬಂದ್ರೋ, ಇಳಕಲ್ಲಿನಾಗ ಹುಟ್ಟಿದಾಕಿ ಕೇಳದ ಯಾರು ಕೇಳ್ತಾರ. ಇನ್ನ ಆಲಮಟ್ಟಿ ಹಿನ್ನೀರಾಗ ಮುಳುಗಿದ ಹಳೇ ಬಾಗಲಕೋಟಿ. ನವನಗರದ ಕಟ್ಟಿ ಮ್ಯಾಲ ಕುಂತಿರೋ ಅಜ್ಜ ಅಜ್ಜಿಯರಿಗೆ ಯಾವ ಓಣ್ಯಾಗ ಯಾರ ಅಂಗಡಿ ಇತ್ತು ಅಂತ ಇನ್ನೂ ನೆನಪದ, ಮೊಬೈಲಿನಾಗ ರೆಕಾರ್ಡ್ ಮಾಡ್ಕೊಂಡ್ರ ಅದೂ ದಾಖಲೆನ, ಕೇಳಿ ಒಪ್ಪಿಗಿ ತಗೊಂಡು, ತಾರೀಖು, ಊರು, ವಯಸ್ಸು ಬರದಿಟ್ಕೋಬೇಕು ಅಷ್ಟ. ಮುಂದ ಯಾವದ ಆರಿಸಿದ್ರೂ ಪಿಎಚ್.ಡಿ. ಥೀಸಿಸ್ ಕೂಡಿಹಾಕಿರೋ ಶೋಧಗಂಗಾ ವೆಬ್‌ಸೈಟಿನಾಗ ಹುಡುಕಿ ನೋಡು, ಅದ ವಿಷಯದ ಮ್ಯಾಲ ನಾಕು ಥೀಸಿಸ್ ಮೊದಲ ಬಿದ್ದಿರ್ತಾವ, ಒಂದರದ್ದು ಇನ್ನೊಂದು ಕಾಪಿ ಆಗಿರೋದೂ ಉಂಟು.

ಸೀರಿ ನೇಯೋರ ಮನ್ಯಾಕಿ ನೀನು, ಮೈ ಬ್ಯಾರೆ ಸೆರಗು ಬ್ಯಾರೆ ಹಾಸು ಮಾಡಿ ಕೊಂಡಿ ಹಾಕಿ ಕೂಡಸೋದು ನನಗಿಂತ ನಿಮ್ಮ ಅಪ್ಪಗ ಚೆನ್ನಾಗಿ ಗೊತ್ತು. ಅವರಿಗೆ ಹಂಗ ಹೇಳಿ ನೋಡು, ವಿಷಯ ಇಲ್ಲಿದು, ಕೆಲಸ ಕಲಿಯೋದಷ್ಟ ಅಲ್ಲಿ ಅಂತ.

ಕಡೀಗೆ ಒಂದು ಸಣ್ಣದು, ಆದ್ರ ಇದರಾಗನ ಭಾಳ ಮಂದಿ ಸೀಟು ಕಳ್ಕೋತಾರ. ಸೆಂಟ್ರಲ್ ಯೂನಿವರ್ಸಿಟಿಗೆ ನಮ್ಮ ರಾಜ್ಯದ ಟು-ಎ, ತ್ರೀ-ಬಿ ಸರ್ಟಿಫಿಕೇಟ್ ನಡ್ಯಂಗಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟ್ಯಾಗ ಇದ್ರ ಕೇಂದ್ರದ ನಮೂನೆದಾಗ ನಾನ್-ಕ್ರೀಮಿಲೇಯರ್ ಸರ್ಟಿಫಿಕೇಟ್ ತಹಶೀಲ್ದಾರ ಆಫೀಸಿನಾಗ ಬ್ಯಾರೇನ ಮಾಡಿಸ್ಬೇಕು, ಅದೂ ಆ ಹಣಕಾಸು ವರ್ಷದ್ದು. ಫಾರ್ಮ್ ಬಿಟ್ಟಮ್ಯಾಲ ಓಡಾಡಬ್ಯಾಡ, ಈಗ ಕಾಗದ ಪತ್ರ ಕೂಡಿಸಿಟ್ಕೋ.